ಇದ್ದಿಲ ಓಣಿಗೆ ಬಂದು ಸೇರಿದ ಮಕ್ಕಳು

ಮೆಲ್ಬರ್ನಿನಲ್ಲಿ ನನ್ನ ಟ್ರಾಮ್ 86ನೇ ನಂಬರಿನದು. ಪ್ರೆಸ್ಟನ್‌ನಲ್ಲಿ ಹತ್ತಿದರೆ ಹೈ ಸ್ಟ್ರೀಟ್ ಉದ್ದಕ್ಕೂ ಬಂದು, ಸ್ಮಿತ್ ಸ್ಟ್ರೀಟ್ ಹಿಡಿದು, ಅಲ್ಲಿಂದ ಬಲಕ್ಕೆ ಗರ್ಟ್ರೂಡ್ ಸ್ಟ್ರೀಟಿಗೆ ತಿರುಗುತ್ತದೆ. ಆ ತಿರುವಿನಲ್ಲಿ ಗಾಲಿಗಳು ಕಿರ್ ಅಂತ ಕೂಗುತ್ತವೆ. ತೂಕಡಿಸುತ್ತಿದ್ದವರಿಗೂ ಎಚ್ಚರವಾಗುತ್ತದೆ. ಆರು ವರ್ಷ ನಾನು ಆ ತಿರುವಿನಲ್ಲಿ ಹೋಗಿ ಬಂದು ಮಾಡಿದ್ದೆ. ಕಿಟಕಿಯಾಚೆ ವೈನ್ ಬಾರುಗಳು, ದುಬಾರಿ ಬಟ್ಟೆ ಅಂಗಡಿಗಳು, ಕಾಫಿಗೆ ಸಾಲು ನಿಂತವರು. ಸ್ವಲ್ಪ ಮುಂದೆ ಬಲಗಡೆ ಆಥರ್ಟನ್ ಗಾರ್ಡನ್ಸ್‌ನ ನಾಲ್ಕು ಸರ್ಕಾರಿ ವಸತಿ ಕಟ್ಟಡಗಳು, ಒಂದೊಂದೂ 20 ಮಹಡಿ. ದಿನಾ ನೋಡುತ್ತಿದ್ದೆ. ಏನೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಒಂದು ಸಿಡಿಯಿಂದ. ಇಲ್ಲಿ ಆಪ್ ಶಾಪ್ ಅಂತ ಕರೆಯುವ ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಡಾಲರಿಗೆ ಸಿಕ್ಕಿತು. ಇಲ್ಲಿಯ ಮೂಲನಿವಾಸಿಗಳಾದ ಅಬೊರಿಜಿನಲ್ ಜನರ ಹಾಡುಗಾರ ಆರ್ಚಿ ರೋಚ್ ಅವರ ‘ಚಾರ್ಕೋಲ್ ಲೇನ್’. 1990ರಲ್ಲಿ ಬಂದ ಆಲ್ಬಮ್, ಅವರ ಮೊದಲನೆಯದು. ಅದರಲ್ಲಿನ ಒಂದು ಹಾಡು ಮಾತ್ರ ನನಗೆ ಗೊತ್ತಿತ್ತು. ಆಸ್ಟ್ರೇಲಿಯಾದಲ್ಲಿ ಸ್ವಲ್ಪ ಕಾಲ ಇದ್ದವರಿಗೆಲ್ಲ ಆ ಹಾಡು ಎಲ್ಲೋ ಒಂದು ಕಡೆ ಕಿವಿಗೆ ಬಿದ್ದೇ ಇರುತ್ತದೆ: ‘ಟುಕ್ ದ ಚಿಲ್ಡ್ರನ್ ಅವೇ’. ಮಿಕ್ಕ ಹಾಡುಗಳನ್ನು ನಾನು ಕೇಳಿರಲಿಲ್ಲ. ಸುಮ್ನೆ ಕಾರಿನಲ್ಲಿ ಹಾಕಿಕೊಂಡೆ. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು ಶುರುವಾಗಿ ಕೆಲವು ಸಾಲಿಗೇ ಗರ್ಟ್ರೂಡ್ ಸ್ಟ್ರೀಟ್ ಅಂತ ಕೇಳಿಸಿತು. ಆಮೇಲೆ ಸ್ಮಿತ್ ಸ್ಟ್ರೀಟ್ ದಾಟುವ ಮಾತು. ನನ್ನ ಟ್ರಾಮ್ ಕಿರ್ ಅಂತ ತಿರುಗುವ ಜಾಗ!

ಗಾಡಿ ಪಕ್ಕಕ್ಕೆ ಹಾಕಿ ಆ ಹಾಡನ್ನು ಇನ್ನೊಂದು ಸಲ ಕೇಳಿದೆ.

ಈ ಬರಹ ಆ ಸಿಡಿಯ ಬಗ್ಗೆ. ಆ ಒಂದು ಹಾಡು ಎಷ್ಟು ದೊಡ್ಡದಾಯಿತು ಅಂದರೆ, ಮಿಕ್ಕ ಹಾಡುಗಳೆಲ್ಲ ಅದರ ನೆರಳಲ್ಲಿ ಉಳಿದುಬಿಟ್ಟವು. ಆದರೆ ಪೂರ್ತಿ ಆಲ್ಬಮ್ ಕೇಳಿದಾಗ ನನಗೆ ಬೇರೆಯದೇ ಒಂದು ವಿಷಯ ಹೊಳೆಯಿತು. ಮಕ್ಕಳನ್ನು ತೆಗೆದುಕೊಂಡು ಹೋದರು ಅಂತ ಆ ಹಾಡು ಹೇಳುತ್ತದೆ. ಹೋದ ಮಕ್ಕಳು ಆಮೇಲೆ ಎಲ್ಲಿಗೆ ಬಂದರು? ಅದನ್ನು ಹೇಳುವುದು ‘ಚಾರ್ಕೋಲ್ ಲೇನ್’, ಇದ್ದಿಲ ಓಣಿ. ಈ ಎರಡು ಹಾಡನ್ನೂ ಒಟ್ಟಿಗೆ ಕೇಳಬೇಕು.

ಮೊದಲು ಆ ದೊಡ್ಡ ಹಾಡಿನ ಕತೆ ಹೇಳಿಬಿಡುತ್ತೇನೆ. ಅಮ್ಮನಿಗೆ ಹೇಳಿದ ಹಾಗೇ.

ಆ ವರ್ಷ ಅಮ್ಮ ಹಾಸನದಿಂದ ಬಂದಿದ್ದಳು, ಮೂರು ತಿಂಗಳಿಗೆ. ಅಡಿಗೆಮನೆಯಲ್ಲಿ ಕೂತು ಅವರೆಕಾಯಿ ಇಲ್ಲದ ಊರಿನಲ್ಲಿ ಬಟಾಣಿ ಬಿಡಿಸುತ್ತಿದ್ದಳು. ನಾನು ಸಿಡಿ ಹಾಕಿದ್ದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಸ್ವಲ್ಪ ಹೊತ್ತು ಕೇಳಿ, “ಏನಂತೆ ಕಣೇ ಇವನಿಗೆ?” ಅಂದಳು.

“ಮಕ್ಕಳನ್ನ...” ಅಂತ ಶುರು ಮಾಡಿ ನಿಂತುಬಿಟ್ಟೆ. ಯಾವ ಪದ ಹಾಕಲಿ? ಇಂಗ್ಲಿಷಿನ ‘ಟುಕ್’ ಚಿಕ್ಕ ಪದ. ಮೇಜಿನ ಮೇಲಿದ್ದ ಪೆನ್ನಿಗೂ ಅದೇ, ಮನೆಯಲ್ಲಿದ್ದ ಮಗುವಿಗೂ ಅದೇ. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕರ್ಕೊಂಡು ಹೋದರು ಅಂದರೆ ಜಾತ್ರೆಗೂ ಕರ್ಕೊಂಡು ಹೋಗಬಹುದು. ಎತ್ಕೊಂಡು ಹೋದರು ಅಂದರೆ ಮುದ್ದಿನಿಂದಲೂ ಆಗಬಹುದು, ಕಳ್ಳತನದಿಂದಲೂ ಆಗಬಹುದು. ಕಿತ್ಕೊಂಡು ಹೋದರು ಅಂದರೆ ನಡೆದದ್ದಕ್ಕೆ ಸರಿಹೋಗುತ್ತದೆ. ಆ ಅರ್ಥದ ಮಾತು ಹಾಡಿನ ಒಳಗೆ ಒಂದು ಕಡೆ ಬರುತ್ತದೆ ಕೂಡ. ಆದರೆ ತಿರುತಿರುಗಿ ಬರುವ ಪಲ್ಲವಿಯಲ್ಲಿ ಮಾತ್ರ ಆ ಸಪ್ಪೆ ‘ಟುಕ್’. ಕಚೇರಿಯ ಫೈಲಿನಲ್ಲಿ ಬರೆದ ಹಾಗಿದೆ. ಬೈಗುಳವಿಲ್ಲ, ಕೂಗಾಟವಿಲ್ಲ. ಆ ಸಪ್ಪೆತನವೇ ಹೊಟ್ಟೆಯಲ್ಲಿ ಕಲಸಿದ ಹಾಗೆ ಮಾಡುತ್ತದೆ.

ಕೊನೆಗೆ ಕಿತ್ಕೊಂಡು ಹೋದರು ಅಂತಲೇ ಅಂದೆ.

“ಯಾರು?”

“ಸರ್ಕಾರದವರು.”

“ತಾಯಿ ಇರಲಿಲ್ವಾ?”

“ಇದ್ಲು. ತಂದೇನೂ ಇದ್ದ.”

“ಮತ್ತೆ ಯಾಕೆ?”

ಬಟಾಣಿ ಬಿಡಿಸುವ ಕೈ ನಿಂತಿತ್ತು. ನಾನು ಹೇಳುತ್ತಾ ಹೋದೆ.

ಆರ್ಚಿ ರೋಚ್ ಹುಟ್ಟಿದ್ದು 1956ರಲ್ಲಿ, ವಿಕ್ಟೋರಿಯಾ ರಾಜ್ಯದ ಮೂರೂಪ್ನಾದಲ್ಲಿ. ಆಮೇಲೆ ಮನೆಯವರು ವಾರ್ನಂಬೂಲ್ ಹತ್ತಿರದ ಫ್ರಾಮ್ಲಿಂಗ್‌ಹ್ಯಾಮ್‌ಗೆ ಬಂದರು. ಅದು ಅಬೊರಿಜಿನಲ್ ಜನರನ್ನು ಇಟ್ಟಿದ್ದ ಹಳೆಯ ಮಿಷನ್ ಜಾಗ. ತಂದೆ ಬುಂಜಲುಂಗ್ ಜನರವರು, ತಾಯಿ ಗುಂಡಿಚ್‌ಮಾರಾ. ಆರ್ಚಿ ಎರಡು ಮೂರು ವರ್ಷದ ಮಗುವಾಗಿದ್ದಾಗ ಸರ್ಕಾರದವರು ಬಂದು ಅವನನ್ನೂ ಅಕ್ಕಂದಿರನ್ನೂ ಒಯ್ದರು. ಕಾಯಿಲೆ ಇರಲಿಲ್ಲ, ಅನಾಥರಾಗಿರಲಿಲ್ಲ. ಬಿಳಿಯರ ಹಾಗೆ ಬೆಳೆಸಿದರೆ ಒಳ್ಳೆಯದಾಗುತ್ತದೆ ಅನ್ನುವುದು ಆಗಿನ ಸರ್ಕಾರಗಳ ನೀತಿ. ಕಾನೂನೇ ಅದಕ್ಕೆ ಬೆನ್ನಿಗಿತ್ತು. ಹೀಗೆ ಹೋದವರನ್ನು ಇವತ್ತು ಸ್ಟೋಲನ್ ಜನರೇಷನ್ಸ್ ಅನ್ನುತ್ತಾರೆ, ಕದ್ದೊಯ್ದ ತಲೆಮಾರುಗಳು. ಸುಮಾರು 1910ರಿಂದ 1970ರವರೆಗೆ, ಮೂರರಲ್ಲಿ ಒಂದರಿಂದ ಹತ್ತರಲ್ಲಿ ಒಂದರಷ್ಟು ಅಬೊರಿಜಿನಲ್ ಮಕ್ಕಳನ್ನು ಹೀಗೆ ಒಯ್ದರು ಅಂತ 1997ರ ‘ಬ್ರಿಂಗಿಂಗ್ ದೆಮ್ ಹೋಮ್’ ವರದಿ ಹೇಳಿತು. ಹಾಡು ಬಂದು ಆಗಲೇ ಏಳು ವರ್ಷವಾಗಿತ್ತು.

ಆರ್ಚಿ ಕೆಲವು ಮನೆಗಳನ್ನು ಸುತ್ತಿ ಕೊನೆಗೆ ಮೆಲ್ಬರ್ನಿನ ಕಾಕ್ಸ್ ಅನ್ನುವವರ ಮನೆ ಸೇರಿದರು. ಸ್ಕಾಟ್ಲೆಂಡಿನ ಮೂಲದವರು. ಒಳ್ಳೆಯವರು, ಪ್ರೀತಿಯಿಂದ ಸಾಕಿದರು. ಈ ಮಾತು ಹೇಳದೇ ಹೋದರೆ ತಪ್ಪಾಗುತ್ತದೆ, ಯಾಕೆಂದರೆ ಆರ್ಚಿ ಅವರೇ ಅವರನ್ನು ಪ್ರೀತಿಯಿಂದ ನೆನೆಯುತ್ತಿದ್ದರು. ಆ ಮನೆಯಲ್ಲಿ ಹಾಡಿತ್ತು. ಸಾಕುಮನೆಯ ಅಕ್ಕ ಕೀಬೋರ್ಡ್ ನುಡಿಸುತ್ತಾ ಚರ್ಚಿನ ಹಾಡು ಕಲಿಸಿದರು. ಆರ್ಚಿಯ ದನಿಯಲ್ಲಿರುವ ಪ್ರಾರ್ಥನೆಯ ಗುಣ ಅಲ್ಲಿಂದ ಬಂದಿರಬೇಕು ಅಂತ ನನಗೆ ಅನ್ನಿಸುತ್ತದೆ. ಹೆತ್ತವರು ಮನೆಗೆ ಬೆಂಕಿ ಬಿದ್ದು ತೀರಿಕೊಂಡರು ಅಂತ ಆ ಸಾಕುತಂದೆ ತಾಯಿಗೆ ಸರ್ಕಾರದವರು ಹೇಳಿದ್ದರು. ಅವರೂ ನಂಬಿದ್ದರು.

ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಒಂದು ದಿನ ಶಾಲೆಯ ಧ್ವನಿವರ್ಧಕದಲ್ಲಿ ಆರ್ಚಿಬಾಲ್ಡ್ ವಿಲಿಯಂ ರೋಚ್ ಆಫೀಸಿಗೆ ಬರಬೇಕು ಅಂತ ಕೂಗಿದರು. ತರಗತಿಯಲ್ಲಿ ಯಾರಿಗೂ ಆ ಹೆಸರು ಗೊತ್ತಿಲ್ಲ. ಎಲ್ಲರಿಗೂ ಅವನು ಆರ್ಚಿ ಕಾಕ್ಸ್. ಆದರೆ ಒಳಗೆ ಎಲ್ಲೋ ಆ ಹುಡುಗನಿಗೆ ಅದು ತಾನೇ ಅಂತ ಗೊತ್ತಾಯಿತು. ಎದ್ದು ಹೋದ. ಒಂದು ಕಾಗದ ಬಂದಿತ್ತು. ಬರೆದವಳು ಅಕ್ಕ ಮರ್ಟಲ್, ಅಂಥ ಅಕ್ಕ ಇದ್ದಾಳೆ ಅಂತಲೇ ಅವನಿಗೆ ತಿಳಿದಿರಲಿಲ್ಲ. ಅಮ್ಮ ಹೋದ ವಾರ ತೀರಿಕೊಂಡಳು ಅಂತ ಆ ಕಾಗದದಲ್ಲಿತ್ತು.

ಅಂದರೆ ಯಾವಾಗಲೋ ಬೆಂಕಿಯಲ್ಲಿ ಸತ್ತಿದ್ದಾಳೆ ಅಂದುಕೊಂಡಿದ್ದ ತಾಯಿ ಅಷ್ಟು ವರ್ಷ ಬದುಕಿದ್ದಳು. ಹೋದ ವಾರದವರೆಗೂ ಇದ್ದಳು. ಮಗನಿಗೆ ತಾಯಿ ಇದ್ದ ಸುದ್ದಿ, ತಾಯಿ ಹೋದ ಸುದ್ದಿ ಎರಡೂ ಒಂದೇ ಕಾಗದದಲ್ಲಿ ಬಂತು.

ಇದನ್ನು ಹೇಳಿದಾಗ ಅಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಏನೂ ಹೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಲೆ ಹಚ್ಚಿದಳು.

ಆ ಹುಡುಗ ಸಾಕುಮನೆ ಬಿಟ್ಟ. ಗಿಟಾರ್ ಒಂದನ್ನು ಹಿಡಿದು, ಕಾಗದದಲ್ಲಿದ್ದ ಸಿಡ್ನಿಯ ವಿಳಾಸ ಹುಡುಕಿಕೊಂಡು ಹೋದ. ಅಲ್ಲಿ ಅವರಿರಲಿಲ್ಲ. ಬೀದಿ, ಕುಡಿತ, ಜೈಲು, ಮತ್ತೆ ಬೀದಿ. ಒಡಹುಟ್ಟಿದವರು ಒಬ್ಬೊಬ್ಬರಾಗಿ ಸಿಕ್ಕಿದ್ದು ಆಮೇಲೆ.

ಈಗ ಓಣಿಗೆ ಬರೋಣ.

ಗರ್ಟ್ರೂಡ್ ಸ್ಟ್ರೀಟ್ ಇರುವ ಫಿಟ್ಜ್‌ರಾಯ್ 1970ರ ದಶಕದಲ್ಲಿ ಈಗಿನ ಹಾಗಿರಲಿಲ್ಲ. ಬಡವರ ಬಡಾವಣೆ. ಅಗ್ಗದ ಬಾಡಿಗೆ. ವಿಕ್ಟೋರಿಯಾದ ಮೂಲೆ ಮೂಲೆಯಿಂದ, ಬೇರೆ ರಾಜ್ಯಗಳಿಂದ ಅಬೊರಿಜಿನಲ್ ಜನ ಅಲ್ಲಿಗೆ ಬರುತ್ತಿದ್ದರು. ಗರ್ಟ್ರೂಡ್ ಸ್ಟ್ರೀಟಿನ ಬಿಲ್ಡರ್ಸ್ ಆರ್ಮ್ಸ್ ಪಬ್ಬು ಅವರದ್ದು ಅಂತಲೇ ಹೆಸರಾಗಿತ್ತು. 1973ರಲ್ಲಿ ಅವರೇ ಸೇರಿ ತಮ್ಮ ಜನರಿಗೆ ಒಂದು ಆರೋಗ್ಯ ಕೇಂದ್ರವನ್ನೂ ಅದೇ ಬೀದಿಯಲ್ಲಿ ಶುರು ಮಾಡಿದರು. ಮೂರು ವರ್ಷಕ್ಕೆ ಮನೆಯಿಂದ ಹೋದ ಮಗು ಇಪ್ಪತ್ತು ವರ್ಷದವನಾಗಿ ತನ್ನವರನ್ನು ಹುಡುಕಬೇಕು ಅಂದರೆ ಎಲ್ಲಿ ಹುಡುಕಬೇಕು? ಫಿಟ್ಜ್‌ರಾಯ್‌ಗೆ ಹೋಗು ಅನ್ನುತ್ತಿದ್ದರಂತೆ. ಅಲ್ಲಿ ಯಾರಾದರೂ ನಿನ್ನ ಮುಖ ನೋಡಿ ನೀನು ಇಂಥವರ ಮನೆಯವನಲ್ವಾ ಅಂತ ಕೇಳಿಯೇ ಕೇಳುತ್ತಾರೆ.

ಇದ್ದಿಲು ಮಾಡುವ ಕಾರ್ಖಾನೆಯ ಪಕ್ಕದ ಓಣಿ ಅದು. ಚಾರ್ಕೋಲ್ ಲೇನ್ ಅನ್ನುವುದು ಅಲ್ಲಿ ಕೂರುತ್ತಿದ್ದವರ ಬಾಯಲ್ಲಿದ್ದ ಹೆಸರು. ಹಾಡಿನಲ್ಲಿ ನಡೆಯುವುದು ಇಷ್ಟೇ: ಗೆಳೆಯರು ಅಕ್ಕಪಕ್ಕ ನಡೆದು ಗರ್ಟ್ರೂಡ್ ಸ್ಟ್ರೀಟಿನ ತುದಿಗೆ ಬರುತ್ತಾರೆ. ಎಲ್ಲರೂ ಜೇಬಿನ ಚಿಲ್ಲರೆ ಸೇರಿಸುತ್ತಾರೆ. ಅದಕ್ಕೆ ಅವರು ಹಾಕುವ ಮಾತು ‘ಟಾರ್ಪಾಲಿನ್ ಮಸ್ಟರ್’. ನಮ್ಮ ಕಡೆ ಪಟ್ಟಿ ಎತ್ತೋದು ಅನ್ನುತ್ತೇವಲ್ಲ, ಹಾಗೆ. ಹಬ್ಬಕ್ಕೆ ಊರವರು ಪಟ್ಟಿ ಎತ್ತುತ್ತಾರೆ, ಇವರು ಒಂದು ಬಾಟಲಿ ವೈನಿಗೆ ಎತ್ತುತ್ತಾರೆ. ಸ್ಮಿತ್ ಸ್ಟ್ರೀಟ್ ದಾಟಿ ಓಣಿ ಸೇರುತ್ತಾರೆ. ಬಾಟಲಿ ಕೈಯಿಂದ ಕೈಗೆ ಹೋಗುತ್ತದೆ. ಕತೆ ಹೇಳುತ್ತಾರೆ, ನಗುತ್ತಾರೆ, ಹಾಡುತ್ತಾರೆ. ನೋವನ್ನು ಸ್ವಲ್ಪ ಹೊತ್ತು ಆಚೆ ಇಡಲು ಏನು ಬೇಕೋ ಅದು.

ಮೊದಲ ಗುಟುಕು ಹೊಟ್ಟೆಯಲ್ಲಿ ನಿಲ್ಲಿಸಿಕೊಳ್ಳಲು ಪಡುವ ಪಾಡು ಕೂಡ ಹಾಡಿನಲ್ಲಿದೆ. ಆ ಸಾಲು ಬಂದಾಗ ಗೊತ್ತಾಗುತ್ತದೆ, ಇವರು ದೂರ ನಿಂತು ನೋಡಿ ಬರೆದವರಲ್ಲ ಅಂತ. ಖಾಲಿ ಹೊಟ್ಟೆಗೆ ಅಗ್ಗದ ವೈನ್ ಬಿದ್ದಾಗ ಏನಾಗುತ್ತದೆ ಅಂತ ಅವರ ಮೈಗೆ ಗೊತ್ತು. ಆರ್ಚಿ ವರ್ಷಗಟ್ಟಲೆ ಕುಡಿದವರು. ಫಿಟ್ಸ್ ಬರುವ ಮಟ್ಟಕ್ಕೆ ಹೋಗಿ, ಸಾವಿನ ಬಾಗಿಲು ನೋಡಿ, ಬಿಟ್ಟವರು. ಬಿಟ್ಟ ಮೇಲೆ ಕುಡಿತ ಬಿಡಿಸುವ ಕೇಂದ್ರದಲ್ಲಿ ಬೇರೆಯವರಿಗೆ ನೆರವಾಗಿ ನಿಂತರು.

ಹಾಗೆ ಬಿಟ್ಟವರು ಬರೆದ ಹಾಡಿನಲ್ಲಿ ಎರಡರಲ್ಲೊಂದು ಇರುತ್ತದೆ. ಇಲ್ಲಾ ಆ ದಿನಗಳಿಗೆ ಥೂ ಅನ್ನುವುದು, ಇಲ್ಲಾ ಆ ದಿನಗಳೇ ಚೆನ್ನಾಗಿದ್ದವು ಅಂತ ಹಲುಬುವುದು. ‘ಚಾರ್ಕೋಲ್ ಲೇನ್’ನಲ್ಲಿ ಎರಡೂ ಇಲ್ಲ. ಆ ಓಣಿಯಲ್ಲಿ ಕೂತವರನ್ನು ಆರ್ಚಿ ಒಂದು ಕ್ಷಣವೂ ಕೀಳಾಗಿ ನೋಡುವುದಿಲ್ಲ. ರಾಗ ಹಗುರ, ನಡಿಗೆಯ ಲಯ. ಜೊತೆಗೆ ಹೆಜ್ಜೆ ಹಾಕಬೇಕು ಅನ್ನಿಸುತ್ತದೆ. ಅವರು ಕುಡುಕರ ಗುಂಪಾಗಿ ಕಾಣುವುದೇ ಇಲ್ಲ. ಮನೆ ಕಳೆದುಕೊಂಡ ಮಕ್ಕಳು ಒಂದು ಅಂಗಳ ಹುಡುಕಿಕೊಂಡ ಹಾಗೆ ಕಾಣುತ್ತದೆ. ಆ ಅಂಗಳ ಅವರಲ್ಲಿ ಎಷ್ಟೋ ಜನರನ್ನು ಕೊಂದೂ ಹಾಕಿತು. ಎರಡೂ ನಿಜ. ಹಾಡು ಎರಡನ್ನೂ ಬಿಡುವುದಿಲ್ಲ.

ಇದನ್ನು ಕೇಳಿದ ಮೇಲೆ ನನಗೆ ರಸ್ತೆಯಲ್ಲಿ ಕುಡಿದು ಕೂತವರನ್ನು ನೋಡಿ ಮುಖ ತಿರುಗಿಸುವುದು ಕಷ್ಟವಾಗಿದೆ. ಮೊದಲು ತಿರುಗಿಸುತ್ತಿದ್ದೆ. ಪ್ರೆಸ್ಟನ್ ಸ್ಟಾಪಿನಲ್ಲಿ, ಸ್ಮಿತ್ ಸ್ಟ್ರೀಟಿನ ಬೆಂಚುಗಳ ಹತ್ತಿರ. ನಾವು ಹೊಸದಾಗಿ ಬಂದವರು ಎಲ್ಲರೂ ಹಾಗೇ ಮಾಡುತ್ತೇವೆ. ಇಲ್ಲಿಯ ಮೂಲ ಜನರ ಬಗ್ಗೆ ನಮಗೆ ಮೊದಲು ಬರುವ ಮಾಹಿತಿಯೇ ಅದು: ಆ ಕಡೆ ಹೋಗಬೇಡಿ, ಅವರು ಕುಡಿದಿರುತ್ತಾರೆ. ಆ ಬೆಂಚಿನ ಮೇಲೆ ಕೂತವರಲ್ಲಿ ಯಾರಾದರೊಬ್ಬರಿಗೆ ಶಾಲೆಯಲ್ಲಿ ಒಂದು ಕಾಗದ ಬಂದಿತ್ತೇನೋ. ಬಾರದೇ ಹೋಗಿತ್ತೇನೋ.

ರೂಬಿ ಹಂಟರ್ ಬಗ್ಗೆ ಹೇಳದೇ ಈ ಆಲ್ಬಮ್ಮಿನ ಕತೆ ಆಗುವುದಿಲ್ಲ. ಆರ್ಚಿಗೆ ಅವರು ಸಿಕ್ಕಿದ್ದು ಅಡಿಲೇಡಿನಲ್ಲಿ, ಮನೆ ಇಲ್ಲದವರಿಗೆ ಜಾಗ ಕೊಡುತ್ತಿದ್ದ ಸಾಲ್ವೇಶನ್ ಆರ್ಮಿಯವರ ಪೀಪಲ್ಸ್ ಪ್ಯಾಲೇಸ್‌ನಲ್ಲಿ. ಇಬ್ಬರಿಗೂ ಹದಿನಾರರ ಆಸುಪಾಸು. ರೂಬಿ ನರಿಂಜೆರಿ ಜನರವರು, ಮರ್ರೆ ನದಿಯ ಕಡೆಯವರು. ಅವರನ್ನೂ ಎಂಟು ವರ್ಷಕ್ಕೆ ಮನೆಯಿಂದ ಒಯ್ದಿದ್ದರು. ಕಿತ್ತೊಯ್ದ ಎರಡು ಮಕ್ಕಳು ಸೇರಿ ಒಂದು ಸಂಸಾರ ಕಟ್ಟಿದರು. ಸುಲಭವಾಗಿ ಆಗಲಿಲ್ಲ. ಕುಡಿತ ಇಬ್ಬರನ್ನೂ ಹಿಂಡಿತ್ತು. ಆದರೆ ಕಟ್ಟಿದರು.

ಈ ಆಲ್ಬಮ್ಮಿನ ‘ಡೌನ್ ಸಿಟಿ ಸ್ಟ್ರೀಟ್ಸ್’ ರೂಬಿ ಬರೆದ ಹಾಡು. ಹಾಡಿದ್ದು ಆರ್ಚಿ. ಹಾಸಿಗೆ ಇಲ್ಲ, ಮನೆ ಇಲ್ಲ, ಊರಿನ ಬೀದಿಗಳಲ್ಲಿ ಅಲೆದಾಟ. ಕೊನೆಗೆ ಬೆಳೆದಿದ್ದೇವೆ, ಮಕ್ಕಳಾಗಿವೆ, ಒಂದು ಮನೆ ಇದೆ ಅನ್ನುವಲ್ಲಿಗೆ ಬರುತ್ತದೆ. ಇಷ್ಟು ಸಣ್ಣ ಮಾತುಗಳಲ್ಲಿ ಇಷ್ಟು ದೂರ ಬಂದ ಹಾಡು ನಾನು ಜಾಸ್ತಿ ಕೇಳಿಲ್ಲ. ಒಂದೇ ಒಂದು ಅಲಂಕಾರದ ಪದವಿಲ್ಲ. ಬರೆಯಲು ಕೂತು ಬರೆದ ಹಾಗೇ ಇಲ್ಲ, ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ. 1994ರಲ್ಲಿ ರೂಬಿ ತಮ್ಮದೇ ಆಲ್ಬಮ್ ‘ಥಾಟ್ಸ್ ವಿದಿನ್’ ತಂದರು.

ಆರ್ಚಿಯ ಆಲ್ಬಮ್ ಬರಲು ಕೂಡ ರೂಬಿಯೇ ಕಾರಣ. ಅದು ಹೀಗಾಯಿತು. ‘ಟುಕ್ ದ ಚಿಲ್ಡ್ರನ್ ಅವೇ’ ಹುಟ್ಟಿದ್ದು ಫ್ರಾಮ್ಲಿಂಗ್‌ಹ್ಯಾಮ್‌ನ ಹಿರಿಯರೊಬ್ಬರಿಂದ, ಬಾಂಜೊ ಕ್ಲಾರ್ಕ್. ನಿನ್ನನ್ನು ಒಯ್ದ ದಿನದ ಬಗ್ಗೆ ಹಾಡು ಬರಿ ಅಂದರಂತೆ. ನನಗೆ ನೆನಪಿಲ್ಲ ಅಂದರು ಆರ್ಚಿ. ನನಗೆ ನೆನಪಿದೆ ಅಂತ ಹಿರಿಯರು ಕೂರಿಸಿ ಹೇಳಿದರು. ಹಾಗಾಗಿ ಆ ಹಾಡಿನಲ್ಲಿರುವ ನೆನಪು ಒಬ್ಬರದ್ದಲ್ಲ, ಊರಿನದ್ದು. ತಾಯಿ ಅಳುತ್ತಾ ತಂದೆಯನ್ನು ಕರೆಯಿರಿ ಅಂದದ್ದು, ತಂದೆ ಓಡಿಬಂದು ಮುಷ್ಟಿ ಕಟ್ಟಿ ನಿಂತದ್ದು, ಎಲ್ಲವನ್ನೂ ಆ ದಿನ ಅಲ್ಲಿದ್ದವರು ಎತ್ತಿಟ್ಟುಕೊಂಡಿದ್ದರು, ಮಗ ಬಂದಾಗ ಕೊಡಲು.

ಹಾಡನ್ನು ಗಮನವಿಟ್ಟು ಕೇಳಿ. ಮೊದಲು ಮಕ್ಕಳನ್ನು ಒಯ್ದರು ಅಂತ ದೂರದ ಮಾತಿನಲ್ಲಿ ಹೋಗುತ್ತಿರುತ್ತದೆ. ತಂದೆ ಎದುರು ನಿಂತ ಆ ಸಾಲು ಮುಗಿದ ಕೂಡಲೇ ಮಾತು ತಿರುಗುತ್ತದೆ: ನಮ್ಮನ್ನು ಒಯ್ದರು. ‘ಮಕ್ಕಳು’ ಇದ್ದದ್ದು ‘ನಾವು’ ಆಗುವ ಆ ಜಾಗದಲ್ಲಿ ಅವರು ದನಿ ಏರಿಸುವುದಿಲ್ಲ. ಗಿಟಾರೂ ಹಾಗೇ ನಡೆಯುತ್ತದೆ. ನಾನು ಎಷ್ಟು ಸಲ ಕೇಳಿದರೂ ಅಲ್ಲಿ ನನ್ನ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಕೊನೆಯ ಭಾಗದಲ್ಲಿ ಪಲ್ಲವಿ ತಲೆಕೆಳಗಾಗುತ್ತದೆ. ಮಕ್ಕಳು ವಾಪಸ್ ಬರುತ್ತಾರೆ. ನಾನೂ ಬಂದೆ ಅನ್ನುತ್ತಾರೆ. ಎಲ್ಲರೂ ಇದನ್ನು ಅಳುವ ಹಾಡು ಅಂತಾರೆ. ಅದು ಮುಗಿಯುವುದು ಬಂದವರ ಲೆಕ್ಕ ಹಾಕುತ್ತಾ.

1988ರ ಜನವರಿಯಲ್ಲಿ ಬಿಳಿಯರು ಬಂದು 200 ವರ್ಷವಾಯಿತು ಅಂತ ದೇಶ ಹಬ್ಬ ಮಾಡುತ್ತಿತ್ತು. ಆಗ ಸಿಡ್ನಿಯ ಲಾ ಪೆರೂಸ್‌ನಲ್ಲಿ ಅಬೊರಿಜಿನಲ್ ಜನ ಪ್ರತಿಭಟನೆಗೆ ಸೇರಿದ್ದರು. ಆರ್ಚಿ ಅಲ್ಲಿ ಈ ಹಾಡು ಹಾಡಿದರು. ಮರುವರ್ಷ ಅವರನ್ನು ಟೀವಿಯಲ್ಲಿ ಗಿಟಾರ್ ವಾದಕ ಸ್ಟೀವ್ ಕಾನಲಿ ನೋಡಿದರು. ಅವರು ಆಗಲೇ ಹೆಸರಾಗಿದ್ದ ಹಾಡುಗಾರ ಪಾಲ್ ಕೆಲಿಯ ತಂಡದವರು. ಮೆಲ್ಬರ್ನ್ ಕಾನ್ಸರ್ಟ್ ಹಾಲಿನ ತಮ್ಮ ಕಾರ್ಯಕ್ರಮಕ್ಕೆ ಮೊದಲು ಹಾಡಲು ಆರ್ಚಿಯನ್ನು ಪಾಲ್ ಕರೆದರು.

ಆರ್ಚಿ ಒಬ್ಬರೇ ವೇದಿಕೆಗೆ ಬಂದರು. ಎರಡು ಹಾಡು, ‘ಬ್ಯೂಟಿಫುಲ್ ಚೈಲ್ಡ್’ ಮತ್ತು ಈ ಹಾಡು. ಮುಗಿಯಿತು. ಹಾಲ್ ತುಂಬಾ ಜನ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಸೂಜಿ ಬಿದ್ದರೂ ಕೇಳಿಸುವ ಮೌನ. ಜನರಿಗೆ ಹಿಡಿಸಲಿಲ್ಲ ಅಂದುಕೊಂಡು ಆರ್ಚಿ ತಿರುಗಿ ಹೊರಡುತ್ತಾರೆ. ಅರ್ಧ ಹೋದ ಮೇಲೆ ಎಲ್ಲೋ ಒಂದು ಚಪ್ಪಾಳೆ, ಆಮೇಲೆ ನಾಲ್ಕಾರು, ಆಮೇಲೆ ಮಳೆ ಹಿಡಿದುಕೊಂಡ ಹಾಗೆ ಇಡೀ ಹಾಲ್. ಆ ಮೌನ ಎಷ್ಟು ಹೊತ್ತಿತ್ತೋ! ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಬಿಳಿಯರೇ ಇದ್ದಿರಬೇಕು. ಹಾಡು ಅವರ ಎದೆಗೆ ಹೋಗಿ ಬರಲು ಅಷ್ಟು ಹೊತ್ತು ಬೇಕಾಯಿತು.

ಆಲ್ಬಮ್ ಮಾಡೋಣ ಅಂತ ಪಾಲ್ ಕೇಳಿದಾಗ ಆರ್ಚಿ ಹಿಂದೇಟು ಹಾಕಿದರು. ನನಗೆ ಬೇಡ ಅಂದರು. ರೂಬಿ ಬಿಡಲಿಲ್ಲ. ಇದು ನಿನ್ನೊಬ್ಬನ ವಿಷಯ ಅಲ್ಲ, ನಮ್ಮ ಜನರಲ್ಲಿ ಎಷ್ಟು ಮಂದಿಗೆ ಆಲ್ಬಮ್ ಮಾಡೋ ಅವಕಾಶ ಸಿಗುತ್ತೆ ಅಂತ ಗದರಿದರಂತೆ. ಆರ್ಚಿ ಈ ಮಾತನ್ನು ಎಷ್ಟೋ ಕಡೆ ನೆನೆದಿದ್ದಾರೆ. ನಮ್ಮ ಮನೆಗಳಲ್ಲೂ ಇಂಥ ಹೆಂಗಸರಿದ್ದಾರೆ. ಅವರು ಗದರದಿದ್ದರೆ ಎಷ್ಟು ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತೋ.

ಪಾಲ್ ಕೆಲಿ ಮತ್ತು ಸ್ಟೀವ್ ಕಾನಲಿ ಸೇರಿ ಆಲ್ಬಮ್ ಮಾಡಿದರು. ಅವರು ಮಾಡಿದ ಒಳ್ಳೆಯ ಕೆಲಸ ಅಂದರೆ ಜಾಸ್ತಿ ಏನನ್ನೂ ಮಾಡದೇ ಇದ್ದದ್ದು. ದನಿ ಮುಂದೆ, ಗಿಟಾರ್ ಪಕ್ಕದಲ್ಲಿ, ಮಿಕ್ಕದ್ದೆಲ್ಲ ಹಿಂದೆ. ಆ ಕಾಲದ ಎಷ್ಟೋ ಆಲ್ಬಮ್ಮುಗಳು ಡ್ರಮ್ಮಿನ ಗದ್ದಲದಿಂದ ಈಗ ಹಳತಾಗಿ ಕೇಳಿಸುತ್ತವೆ. ಇದು ನಿನ್ನೆ ಮಾಡಿದ ಹಾಗಿದೆ.

ಮೊದಲ ಹಾಡು ‘ನೇಟಿವ್ ಬಾರ್ನ್’ನಲ್ಲಿ ನೀಲಗಿರಿ ಮರವೇ, ವಾಟಲ್ ಗಿಡವೇ, ತಲೆ ತಗ್ಗಿಸಿ ಅನ್ನುತ್ತಾರೆ. ನೀಲಗಿರಿ ಅಂದರೆ ನಮಗೆ ನೀರು ಹೀರುವ ಪರದೇಶಿ ಮರ, ಬಯ್ಯುತ್ತೇವೆ. ಇಲ್ಲಿ ಅದು ಮನೆಯ ಮರ. ನೆಲಕ್ಕೆ ಆಗುತ್ತಿರುವುದನ್ನು ನೋಡಿ ಆ ಮರಗಳು ಸೂತಕದಲ್ಲಿ ನಿಂತ ಹಾಗೆ ಕಾಣಿಸುತ್ತದೆ. ‘ಬ್ಯೂಟಿಫುಲ್ ಚೈಲ್ಡ್’ ಪೊಲೀಸರ ಕೈಯಲ್ಲಿ, ಜೈಲಿನಲ್ಲಿ ಸತ್ತ ಅಬೊರಿಜಿನಲ್ ಮಕ್ಕಳ ನೋವು. ಅದಕ್ಕಾಗಿ ರಾಯಲ್ ಕಮಿಷನ್ ತನಿಖೆ ನಡೆಯುತ್ತಿದ್ದ ವರ್ಷಗಳೇ ಅವು, 1987ರಿಂದ 1991.

ಇನ್ನೊಂದು ಹಾಡಿದೆ, ‘ಮುಂಜಾನಾ’. ಹೆಸರು ಓದಿದ ಕೂಡಲೇ ನನ್ನ ಕನ್ನಡದ ಕಿವಿಗೆ ಮುಂಜಾನೆ ಅಂತಲೇ ಕೇಳಿಸಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಜವಾಗಿ ನಡೆದ ಕತೆ ಅದು. ಹರೆಯದ ತಾಯಿಯಿಂದ ಹಸುಗೂಸನ್ನು ತೆಗೆದುಕೊಂಡು ಬಿಳಿಯ ದಂಪತಿಗೆ ದತ್ತು ಕೊಟ್ಟರು. ಅವರು ಮಗುವನ್ನು ಅಮೆರಿಕಕ್ಕೆ ಕರೆದುಕೊಂಡು ಹೋದರು. ಮಗ ಅಲ್ಲಿ ದಾರಿ ತಪ್ಪಿ, ಕೊಲೆ ಮಾಡಿ, ಫ್ಲಾರಿಡಾದ ಜೈಲು ಸೇರಿದ. ವರ್ಷಗಳ ಮೇಲೆ ತಾಯಿಗೆ ಮಗ ಎಲ್ಲಿದ್ದಾನೆ ಅಂತ ತಿಳಿಯಿತು. ಹಾಡಿನಲ್ಲಿ ಫೋನು ರಿಂಗಾಗುತ್ತದೆ. ನಾನು ನಿನ್ನ ತಾಯಿ ಅನ್ನುತ್ತಾಳೆ. ಅಳು ನಿಲ್ಲುತ್ತಿಲ್ಲ, ಕ್ಷಮಿಸು ಅನ್ನುತ್ತಾಳೆ.

ಕ್ಷಮೆ ಕೇಳುವವಳು ಅವಳು! 1990ರಲ್ಲಿ ಈ ಹಾಡು ಬಂದಾಗ ಈ ದೇಶದ ಯಾವ ಪ್ರಧಾನಿಯೂ ಆ ಮಕ್ಕಳ ಕ್ಷಮೆ ಕೇಳಿರಲಿಲ್ಲ. ಕೆವಿನ್ ರಡ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು.

ಪ್ರಶಸ್ತಿಗಳು ಬಂದವು. ‘ಟುಕ್ ದ ಚಿಲ್ಡ್ರನ್ ಅವೇ’ಗೆ ಮಾನವ ಹಕ್ಕುಗಳ ಪ್ರಶಸ್ತಿ. ಒಂದು ಹಾಡಿಗೆ ಅದು ಸಿಕ್ಕಿದ್ದು ಅದೇ ಮೊದಲು. 1991ರಲ್ಲಿ ಆಸ್ಟ್ರೇಲಿಯಾದ ಸಂಗೀತ ಉದ್ಯಮದವರು ಕೊಡುವ ಆರಿಯಾ ಪ್ರಶಸ್ತಿ ಎರಡು. ಆದರೆ ನನಗೆ ಮುಖ್ಯ ಅನ್ನಿಸುವುದು ಬೇರೆ. ಹಾಡು ಮುಗಿದ ಮೇಲೆ ಜನ ಬಂದು, ನಾನೂ ಹಾಗೇ ಹೋದವನು, ನಾನೂ ಹಾಗೇ ಹೋದವಳು ಅಂತ ಆರ್ಚಿಯ ಹತ್ತಿರ ಹೇಳುತ್ತಿದ್ದರು. ಎಷ್ಟೋ ಜನ ಅಲ್ಲಿಯವರೆಗೆ ತಮಗೊಬ್ಬರಿಗೇ ಹೀಗಾಯಿತು ಅಂದುಕೊಂಡಿದ್ದರು.

ರೂಬಿ 2010ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಆರ್ಚಿಗೆ ಪಾರ್ಶ್ವವಾಯು. ಮರುವರ್ಷ ಶ್ವಾಸಕೋಶದ ಕ್ಯಾನ್ಸರ್, ಒಂದು ಭಾಗ ತೆಗೆದರು. ಇನ್ನು ಹಾಡುವುದಿಲ್ಲ ಅಂತ ಯಾರಾದರೂ ಅಂದುಕೊಳ್ಳುತ್ತಿದ್ದರು. 2012ರಲ್ಲಿ ಮತ್ತೆ ಹೊಸ ಆಲ್ಬಮ್ ತಂದರು.

2020ರಲ್ಲಿ ‘ಚಾರ್ಕೋಲ್ ಲೇನ್’ಗೆ 30 ವರ್ಷ ತುಂಬಿತು. ಕೋವಿಡ್ ಕಾಲ. ಆರ್ಚಿ ಆಗ ತಾಯಿಯ ನೆಲಕ್ಕೆ, ಗುಂಡಿಚ್‌ಮಾರಾ ನಾಡಿಗೆ ಮರಳಿದ್ದರು. ಅಲ್ಲೇ ಮನೆಯ ಅಡಿಗೆಮನೆ ಮೇಜಿನ ಹತ್ತಿರ ಕೂತು, ಗಿಟಾರ್ ಮತ್ತು ಬಾಸ್ ನುಡಿಸುವ ಇಬ್ಬರು ಗೆಳೆಯರ ಜೊತೆ, ಆ ಹಾಡುಗಳನ್ನೆಲ್ಲ ಮತ್ತೆ ಹಾಡಿದರು. ‘ದ ಸಾಂಗ್ಸ್ ಆಫ್ ಚಾರ್ಕೋಲ್ ಲೇನ್’ ಅಂತ ಅದು ಬಂತು.

ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. 1990ರ ದನಿಯಲ್ಲಿ 34 ವರ್ಷದವರ ಗಟ್ಟಿತನ ಇದೆ. ಸಾಲಿನ ಕೊನೆಯಲ್ಲಿ ಸ್ವಲ್ಪ ನಡುಗಿದರೂ ಉಸಿರು ಮಿಗುತ್ತದೆ. 2020ರಲ್ಲಿ ಉಸಿರು ಮಿಗುವುದಿಲ್ಲ. ಸಾಲಿನ ನಡುವೆ ಗಾಳಿ ಎಳೆದುಕೊಳ್ಳುವುದು ಕೇಳಿಸುತ್ತದೆ. ಓಣಿಯ ಹಾಡು ನಿಧಾನವಾಗಿದೆ. ಜೊತೆಗೆ ನಡೆಯುತ್ತಿದ್ದವರು ಈಗ ಜೊತೆಯಲ್ಲಿಲ್ಲ, ಒಬ್ಬರೇ ಆ ದಾರಿಯನ್ನು ಮನಸ್ಸಿನಲ್ಲಿ ನಡೆಯುತ್ತಿದ್ದಾರೆ ಅನ್ನಿಸುತ್ತದೆ. ನನಗೆ ಈಗ ಹೆಚ್ಚು ಹತ್ತಿರವಾಗಿರುವುದು ಈ ಎರಡನೆಯದೇ. ಮೊದಲನೆಯದನ್ನು ಕೇಳದೆ ಇದರ ಹತ್ತಿರ ಹೋಗಬೇಡಿ, ಅಷ್ಟೇ.

ಅದೇ ನವೆಂಬರಿನಲ್ಲಿ ಅವರನ್ನು ಆರಿಯಾ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ವಾರ್ನಂಬೂಲ್‌ನ ರಂಗಮಂದಿರದಿಂದಲೇ ಹಾಡಿದರು. ಮೂಗಿಗೆ ಆಕ್ಸಿಜನ್ ನಳಿಕೆ. ಹಾಡು ಅದೇ. ಪ್ರತಿ ಸಲ ಹಾಡಿದಾಗಲೂ ಆ ನೋವು ಒಂದಿಷ್ಟು ಒಂದಿಷ್ಟು ಹೊರಗೆ ಹೋಗುತ್ತದೆ, ಒಂದು ದಿನ ಪೂರ್ತಿ ಹೋಗಿ ಹಗುರಾಗುತ್ತೇನೆ ಅನ್ನುವ ಅರ್ಥದಲ್ಲಿ ಅವರು ಹಿಂದೆ ಮಾತಾಡಿದ್ದರು. ಆ ರಾತ್ರಿಯ ವೀಡಿಯೊ ನೋಡುವಾಗ ನನಗೆ ಅದೇ ನೆನಪಾಗುತ್ತಿತ್ತು. ಇನ್ನು ಎಷ್ಟು ಉಳಿದಿದೆಯೋ ಅಂತ.

2022ರ ಜುಲೈ 30ರಂದು ವಾರ್ನಂಬೂಲ್‌ನಲ್ಲಿ ತೀರಿಕೊಂಡರು. 66 ವರ್ಷ. ಅಬೊರಿಜಿನಲ್ ಜನರ ಎಷ್ಟೋ ಸಮುದಾಯಗಳಲ್ಲಿ ಹೋದವರ ಹೆಸರು ಹೇಳುವುದಿಲ್ಲ, ಫೋಟೊ ತೋರಿಸುವುದಿಲ್ಲ. ಆದರೆ ಆರ್ಚಿಯ ಮಕ್ಕಳು ಅವರ ಹೆಸರು, ಚಿತ್ರ, ಹಾಡು ಎಲ್ಲವನ್ನೂ ಬಳಸಬಹುದು ಅಂತ ಒಪ್ಪಿಗೆ ಕೊಟ್ಟರು. ಅದರಿಂದಲೇ ನಾನು ಇಲ್ಲಿ ಇಷ್ಟು ಸಲ ಅವರ ಹೆಸರು ಬರೆಯಲು ಆಗಿದ್ದು. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದ ಆ ಹೆಸರು.

ಆಥರ್ಟನ್ ಗಾರ್ಡನ್ಸ್‌ನಲ್ಲಿ ಈಗ ಆರ್ಚಿ ಮತ್ತು ರೂಬಿ ಇಬ್ಬರ ಪ್ರತಿಮೆಗಳಿವೆ. ಇಲ್ಲಿಯ ಜನರಿಗೆ ಅವರು ಅಂಕಲ್ ಆರ್ಚಿ, ಆಂಟಿ ರೂಬಿ. ನಾವು ಹಿರಿಯರಿಗೆಲ್ಲ ಮಾಮ, ಅತ್ತೆ ಅಂತ ಸಂಬಂಧ ಹಚ್ಚುವ ಹಾಗೆ. ಒಂದು ಶನಿವಾರ ಅಲ್ಲಿಗೆ ಹೋಗಿದ್ದೆ. ಯಾರೋ ಕಾಲ ಬಳಿ ನೀಲಗಿರಿ ಎಲೆಗಳ ಒಂದು ಗೊಂಚಲು ಇಟ್ಟಿದ್ದರು. ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ.

ಭಾನುವಾರ ಫೋನು ಮಾಡಿದಾಗ ಅಮ್ಮ ಕೇಳಿದಳು. “ಅವನ ಪಕ್ಕದಲ್ಲಿರೋದು ಹೆಂಡ್ತೀನಾ?”

“ಹೂಂ. ರೂಬಿ.”

“ಆಗ ಒಂದು ಹಾಡು ಹಾಕಿದ್ದೆಯಲ್ಲಾ, ಅವಳೇ ಬರೆದದ್ದು ಅಂತ. ಮನೆ ಇಲ್ಲ ಅಂತ ಹೇಳ್ತಾಳಲ್ಲ. ಅದನ್ನ ಹಾಕು.”

ಫೋನನ್ನು ಸ್ಪೀಕರಿನ ಹತ್ತಿರ ಇಟ್ಟೆ. ‘ಡೌನ್ ಸಿಟಿ ಸ್ಟ್ರೀಟ್ಸ್’ ಪೂರ್ತಿ ಹೋಯಿತು. ಅಮ್ಮ ಒಂದು ಮಾತೂ ಆಡಲಿಲ್ಲ. ಹಾಡು ಮುಗಿದಾಗ ಆ ಕಡೆಯಿಂದ ಹಾಸನದ ಅಡಿಗೆಮನೆಯ ಕುಕ್ಕರ್ ಒಂದು ಸಲ ಕೂಗಿದ್ದು ಕೇಳಿಸಿತು.

“ಸಿಕ್ತಲ್ಲಾ ಕೊನೆಗೆ, ಮನೆ?” ಅಂದಳು.

“ಸಿಕ್ತಮ್ಮ.”

“ಇನ್ನೊಂದ್ಸಲ ಹಾಕು.”